ಹಳೆಯ ಬೈಕಿನ ಬ್ರೇಕಿಗೆ ಸರಿಯಾದ ಬೋಲ್ಟ್ ಆರಿಸುವುದು ಹೇಗೆ?

ಹಳೆಯ ಬೈಕಿನ ಬ್ರೇಕಿನ ಬೋಲ್ಟ್ ಎಲ್ಲೋ ಕಳಚಿ ಬಿದ್ದಾಗ, ಅಥವಾ ತುಕ್ಕು ಹಿಡಿದು ಬಿಚ್ಚುವಾಗಲೇ ಮುರಿದಾಗ, ಉಳಿದ ತುಂಡನ್ನೋ ಪಕ್ಕದ ಬೋಲ್ಟನ್ನೋ ಕೈಯಲ್ಲಿ ಹಿಡಿದುಕೊಂಡು ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಇಂಥದ್ದೇ ಒಂದು ಕೊಡಿ" ಎಂದು ಕೇಳುವುದು ನಮ್ಮಲ್ಲಿ ರೂಢಿ. ಆದರೆ ಹಲವರ ಕೈ ದಾಟಿ ಬಂದ ಬೈಕಿನಲ್ಲಿ ಈಗಿರುವ ಬೋಲ್ಟೇ ಕಂಪನಿ ಹಾಕಿದ ಬೋಲ್ಟು ಎಂದು ನಂಬಲು ಬರುವುದಿಲ್ಲ. ಅದೂ ಅಲ್ಲದೆ, ಗಂಗಾವತಿ, ಸಿಂಧನೂರು, ಸಿರುಗುಪ್ಪದಂಥ ಊರುಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅಕ್ಕಿ ಗಿರಣಿ, ಟ್ರೇಲರ್, ಪಂಪ್‌ಸೆಟ್‌ಗಳಿಗೆ ಬೇಕಾಗುವ ದಪ್ಪ ಥ್ರೆಡ್ಡಿನ (ಸುರುಳಿ ಏಣುಗಳ ನಡುವೆ ಹೆಚ್ಚು ದೂರವಿರುವ) ಬೋಲ್ಟುಗಳು. ಬ್ರೇಕಿನಲ್ಲಿ ಎಷ್ಟೋ ಕಡೆ ಬಳಸುವುದು ಸಣ್ಣ ಥ್ರೆಡ್ಡಿನವು. ಆದ್ದರಿಂದ ಹಳೆಯ ಬೋಲ್ಟನ್ನು ಬರೀ ಸುಳಿವೆಂದು ತಿಳಿದು, ಕಂಪನಿಯ ಪಾರ್ಟ್ಸ್ ಕ್ಯಾಟಲಾಗನ್ನೂ ಬೋಲ್ಟು ಕೂರುವ ತೂತನ್ನೂ ಪ್ರಮಾಣವಾಗಿ ಇಟ್ಟುಕೊಳ್ಳಬೇಕು.

ಕ್ಯಾಟಲಾಗ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹೋಂಡಾ ತಂತ್ರಜ್ಞಾನದ ಬೈಕುಗಳಲ್ಲಿ ಸಾಮಾನ್ಯ ಬೋಲ್ಟುಗಳ ಪಾರ್ಟ್ ನಂಬರಿನಲ್ಲೇ ಅಳತೆ ಇರುತ್ತದೆ: 95701-08025 ಎಂಬ ನಂಬರಿನ ಎರಡನೆಯ ಭಾಗದಲ್ಲಿ 08 ಎಂದರೆ 8 ಮಿ.ಮೀ. ದಪ್ಪ, 025 ಎಂದರೆ 25 ಮಿ.ಮೀ. ಉದ್ದ. ಆದರೆ ಬ್ರೇಕಿನ ಅನೇಕ ಬೋಲ್ಟುಗಳು ಆ ಜಾಗಕ್ಕೆಂದೇ ಮಾಡಿದ ವಿಶೇಷ ಬೋಲ್ಟುಗಳಾಗಿದ್ದು, ಅವುಗಳ ನಂಬರಿನಿಂದ ಅಳತೆ ತಿಳಿಯುವುದಿಲ್ಲ. ಆ ನಂಬರನ್ನೇ ಹೇಳಿ ತರಿಸಿಕೊಳ್ಳಬೇಕು. 1996ರಲ್ಲಿ ತಯಾರಿಕೆ ನಿಂತುಹೋದ ಯಮಹಾ ಆರ್‌ಎಕ್ಸ್ 100 ಮತ್ತು ಮೈಸೂರಿನ ಯೆಜ್ಡಿಯಂಥ ಬೈಕುಗಳಿಗೆ ಮೂಲ ಭಾಗ ಸಿಗದಿದ್ದಾಗ ಮಾತ್ರ ಅಳತೆ ಹಿಡಿದು ಹುಡುಕುವ ಪ್ರಶ್ನೆ ಬರುತ್ತದೆ.

ಅಳತೆಗೆ ಮುನ್ನ ಬೋಲ್ಟನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ನೆನೆಸಿ ತಂತಿ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಬೇಕು. ಸಂಡೂರು ಕಡೆಯ ಅದಿರಿನ ಕೆಂಪು ಧೂಳಾಗಲಿ, ಗದ್ದೆ ದಾರಿಯ ಒಣಗಿದ ಕೆಸರಾಗಲಿ ಥ್ರೆಡ್ಡಿನ ಸಂದಿನಲ್ಲಿ ಕೂತಿದ್ದರೆ ಯಾವ ಅಳತೆಯೂ ನಿಜ ಹೇಳುವುದಿಲ್ಲ. ಬಳಿಕ ಸೂಕ್ಷ್ಮ ಅಳತೆಯ ಸಾಧನವಾದ ವರ್ನಿಯರ್‌ನಿಂದ ಥ್ರೆಡ್ಡಿನ ಹೊರಮೈಯ ದಪ್ಪವನ್ನು ಅಳೆಯಿರಿ. 8 ಮಿ.ಮೀ. ಬೋಲ್ಟು ಸರಿಯಾಗಿ 8 ತೋರಿಸದೆ 7.8 ಅಥವಾ 7.9 ತೋರಿಸುತ್ತದೆ, ಅದು ಸವೆತವಲ್ಲ, ಬೋಲ್ಟು ಮಾಡುವ ಕ್ರಮವೇ ಹಾಗೆ. ಉದ್ದವನ್ನು ತಲೆಯ ಕೆಳಗಿನಿಂದ ತುದಿಯವರೆಗೆ ಅಳೆಯಬೇಕು. ತಲೆ ಚಪ್ಪಟೆಯಾಗಿ ಒಳಗೆ ಕೂರುವ ಬೋಲ್ಟಾಗಿದ್ದರೆ ಮಾತ್ರ ತಲೆಯನ್ನೂ ಸೇರಿಸಿಕೊಳ್ಳಬೇಕು.

ಎಡವಟ್ಟಾಗುವುದು ಹೆಚ್ಚಾಗಿ ಪಿಚ್ ವಿಷಯದಲ್ಲಿ. ಪಿಚ್ ಎಂದರೆ ಥ್ರೆಡ್ಡಿನ ಒಂದು ಏಣಿನಿಂದ ಮುಂದಿನ ಏಣಿಗೆ ಇರುವ ದೂರ. 10 ಮಿ.ಮೀ. ಬೋಲ್ಟು ಅಂಗಡಿಯಲ್ಲಿ ಸಾಮಾನ್ಯವಾಗಿ 1.5 ಪಿಚ್ಚಿನಲ್ಲಿ ಸಿಗುತ್ತದೆ. ಜಪಾನಿ ವಿನ್ಯಾಸದ ಬೈಕುಗಳಲ್ಲಿ ಕ್ಯಾಲಿಪರನ್ನು (ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಬ್ರೇಕಿನ ಭಾಗ) ಹಿಡಿಯುವ 10 ಮಿ.ಮೀ. ಬೋಲ್ಟುಗಳು ಬಹುಮಟ್ಟಿಗೆ 1.25 ಪಿಚ್ಚಿನವು. ಎರಡನ್ನೂ ಅಕ್ಕಪಕ್ಕ ಇಟ್ಟು ಬರಿಗಣ್ಣಿನಲ್ಲಿ ನೋಡಿದರೆ ವ್ಯತ್ಯಾಸ ಕಾಣುವುದು ಕಷ್ಟ. 1.5ರ ಬೋಲ್ಟನ್ನು 1.25ರ ತೂತಿಗೆ ಕೊಟ್ಟರೆ ಮೊದಲ ಎರಡು ಮೂರು ಸುತ್ತು ಬೆರಳಲ್ಲೇ ಹೋಗಿ, ಆಮೇಲೆ ಬಿಗಿಯುತ್ತದೆ. "ತುಕ್ಕಿರಬೇಕು" ಎಂದುಕೊಂಡು ಪಾನಾ ಹಾಕಿ ತಿರುಗಿಸಿದರೆ ಅಲ್ಯುಮಿನಿಯಂ ಕ್ಯಾಲಿಪರಿನ ಒಳಗಿನ ಥ್ರೆಡ್ ಅಲ್ಲಿಗೆ ಹಾಳಾಯಿತು. ನೂರು ರೂಪಾಯಿಯೊಳಗೆ ಮುಗಿಯಬೇಕಿದ್ದ ಕೆಲಸ ಹೊಸ ಕ್ಯಾಲಿಪರಿಗೆ ಹೋಗಿ ನಿಲ್ಲುತ್ತದೆ.

ಪಿಚ್ ಗೇಜ್ (ಬೇರೆ ಬೇರೆ ಪಿಚ್ಚಿನ ಹಲ್ಲುಗಳಿರುವ ತೆಳು ಪಟ್ಟಿಗಳ ಗೊಂಚಲು) ಇದ್ದರೆ ಅದರ ಪಟ್ಟಿಗಳನ್ನು ಒಂದೊಂದಾಗಿ ಥ್ರೆಡ್ಡಿಗೆ ಒತ್ತಿ ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ಕಾಣದಿದ್ದರೆ ಆ ಪಟ್ಟಿಯ ಮೇಲಿರುವ ಸಂಖ್ಯೆಯೇ ಪಿಚ್. ಗೇಜ್ ಇಲ್ಲದವರು ಸ್ಟೀಲ್ ಸ್ಕೇಲನ್ನು ಬೋಲ್ಟಿನ ಉದ್ದಕ್ಕೆ ಹಿಡಿದು, ಒಂದು ಏಣನ್ನು ಸೊನ್ನೆಯ ಗೆರೆಗೆ ಸೇರಿಸಿ, ಅದನ್ನು ಬಿಟ್ಟು ಮುಂದಿನ ಹತ್ತು ಏಣುಗಳನ್ನು ಎಣಿಸಬೇಕು. ಹತ್ತನೆಯ ಏಣು 12.5 ಮಿ.ಮೀ.ಗೆ ಬಂದರೆ ಪಿಚ್ 1.25, 15 ಮಿ.ಮೀ.ಗೆ ಬಂದರೆ 1.5, ಸರಿಯಾಗಿ 10ಕ್ಕೆ ಬಂದರೆ 1.0. ಹಳೆಯ ಬುಲೆಟ್ ಇಟ್ಟುಕೊಂಡವರು ಇಲ್ಲಿ ಇನ್ನಷ್ಟು ಎಚ್ಚರದಿಂದಿರಬೇಕು. ಅವುಗಳಲ್ಲಿ ಇಂಚಿನ ಲೆಕ್ಕದ ಬ್ರಿಟಿಷ್ ಥ್ರೆಡ್ಡುಗಳಿವೆ. 5/16 ಇಂಚಿನ ಬೋಲ್ಟು 7.94 ಮಿ.ಮೀ. ಇರುವುದರಿಂದ ವರ್ನಿಯರ್‌ನಲ್ಲಿ 8 ಮಿ.ಮೀ. ಬೋಲ್ಟಿನಂತೆಯೇ ತೋರುತ್ತದೆ. ಆದರೆ ಅದರ ಪಿಚ್ ಬೇರೆ, ಬಿಎಸ್ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್ ಎಂಬ ಸಣ್ಣ ಥ್ರೆಡ್) ಆಗಿದ್ದರೆ ಥ್ರೆಡ್ಡಿನ ಕೋನವೂ ಮೆಟ್ರಿಕ್‌ನ 60 ಡಿಗ್ರಿಯ ಬದಲು 55 ಡಿಗ್ರಿ.

ಪಾನಾ ನಂಬರ್ ಹೇಳಿ ಬೋಲ್ಟು ಕೇಳುವುದನ್ನು ಬಿಡಬೇಕು. ಒಂದೇ 10 ಮಿ.ಮೀ. ಬೋಲ್ಟಿಗೆ ಜಪಾನಿ ಕ್ರಮದಲ್ಲಿ 14ರ ಪಾನಾ, ಬೇರೆ ಕ್ರಮಗಳಲ್ಲಿ 16ರದೋ 17ರದೋ ಕೂರುತ್ತದೆ.

ಅಳತೆ ಎಲ್ಲ ಹೊಂದಿದ ಮೇಲೂ ಬೋಲ್ಟಿನ ತಲೆಯ ಮೇಲಿನ ಅಂಕಿಯನ್ನು ನೋಡದೆ ದುಡ್ಡು ಕೊಡಬೇಡಿ. 8.8 ಎಂದರೆ ಆ ಉಕ್ಕು ಸುಮಾರು 800 ಮೆಗಾಪಾಸ್ಕಲ್ (ಉಕ್ಕಿನ ಬಲ ಹೇಳುವ ಮಾನ) ಎಳೆತಕ್ಕೆ ತಡೆಯುತ್ತದೆ, ಅದರ 80 ಶೇಕಡಾದವರೆಗೆ ಶಾಶ್ವತವಾಗಿ ಹಿಗ್ಗುವುದಿಲ್ಲ ಎಂದರ್ಥ, 10.9 ಎಂದರೆ 1000 ಮತ್ತು 90 ಶೇಕಡಾ. ಅಂಕಿಯೇ ಇಲ್ಲದ ಬೋಲ್ಟು ಗೇಟಿಗೂ ಶೆಡ್ಡಿಗೂ ಸರಿ, ಬ್ರೇಕಿಗೆ ಬೇಡವೇ ಬೇಡ. ಹೊಳಪಿಗಾಗಿ ಸ್ಟೇನ್‌ಲೆಸ್ ಬೋಲ್ಟು ಹಾಕುವ ಆಸೆ ಹಲವರಿಗಿರುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು 450 ಮೆಗಾಪಾಸ್ಕಲ್ ಸುಮಾರಿಗೇ ಹಿಗ್ಗತೊಡಗುತ್ತದೆ, 8.8ರಲ್ಲಿ ಈ ಮಿತಿ 640. ಹಾಗೆಂದು ಎಲ್ಲಕ್ಕಿಂತ ಗಟ್ಟಿಯಾದ 12.9 ತಂದು ಹಾಕುವುದೂ ಸರಿಯಲ್ಲ, ಏಕೆಂದರೆ ಅಷ್ಟು ಗಡಸಾದ ಉಕ್ಕು ಬಾಗುವ ಮುನ್ಸೂಚನೆ ಕೊಡದೆ ಮುರಿಯುವ ಸಾಧ್ಯತೆ ಹೆಚ್ಚು. ಮೂಲದಲ್ಲಿ ಯಾವ ದರ್ಜೆ ಇತ್ತೋ ಅದೇ ಇರಲಿ. ಬೈಕನ್ನು ಹೊಸದಾಗಿ ಕಾಣಿಸಲು ಹೈಟೆನ್ಸೈಲ್ (ಹೆಚ್ಚು ಎಳೆತ ತಡೆಯುವ) ಬೋಲ್ಟುಗಳಿಗೆ ಕ್ರೋಮ್ ಮಾಡಿಸುವುದೂ ಅಪಾಯ: ಆ ಕ್ರಿಯೆಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ.

ಬೋಲ್ಟಿನ ಆಕಾರಕ್ಕೂ ಕಾರಣವಿರುತ್ತದೆ. ಡ್ರಮ್ ಬ್ರೇಕಿನ ಪ್ಲೇಟನ್ನು ತಿರುಗದಂತೆ ತಡೆಹಿಡಿಯುವ ಟಾರ್ಕ್ ರಾಡ್ ಬೋಲ್ಟಿನಲ್ಲಿ ಥ್ರೆಡ್ ಇಲ್ಲದ ನುಣುಪಾದ ಭಾಗವಿದ್ದು, ರಾಡಿನ ತೂತು ಕೂರುವುದು ಅದರ ಮೇಲೆ. ಅಲ್ಲಿ ತುದಿಯಿಂದ ತಲೆಯವರೆಗೆ ಥ್ರೆಡ್ ಇರುವ ಬೋಲ್ಟು ಹಾಕಿದರೆ ಏಣುಗಳು ಅರದಂತೆ ತೂತನ್ನು ತಿಂದು ಅಂಡಾಕಾರ ಮಾಡುತ್ತವೆ. ಈ ಬೋಲ್ಟು ಬಿದ್ದುಹೋದರೆ ಬ್ರೇಕ್ ಒತ್ತಿದಾಗ ಪ್ಲೇಟೇ ಚಕ್ರದೊಂದಿಗೆ ಸುತ್ತಿ ಚಕ್ರ ಒಮ್ಮೆಲೇ ಹಿಡಿದುಕೊಳ್ಳಬಹುದು. ಆದ್ದರಿಂದ ಅದರ ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನನ್ನು ಪ್ರತಿ ಸಲವೂ ಹೊಸದಾಗಿ ಹಾಕಿ. ಪಿನ್ನಿನ ಜಾಗದಲ್ಲಿ ಬೈಂಡಿಂಗ್ ತಂತಿ ಸುತ್ತಬೇಡಿ.

ಡಿಸ್ಕ್ ಬ್ರೇಕಿನ ಹೋಸ್ ಕೂರಿಸುವ ಬ್ಯಾಂಜೋ ಬೋಲ್ಟು ಒಳಗೆ ಪೊಳ್ಳಾಗಿದ್ದು, ಬ್ರೇಕ್ ಆಯಿಲ್ ಹರಿಯುವುದು ಅದರ ನಡುವಿನಿಂದಲೇ. ಲೇತ್‌ನಲ್ಲಿ ಸಾಮಾನ್ಯ ಬೋಲ್ಟಿಗೆ ತೂತು ಕೊರೆಸಿ ಇದನ್ನು ಮಾಡಿಸಿಕೊಳ್ಳಬೇಡಿ. ಇದರ ಪಿಚ್ 1.25 ಅಥವಾ 1.0 ಇರಬಹುದು, ಅಳೆದೇ ತರಬೇಕು. ಜೊತೆಗೆ ಹೋಸಿನ ಎರಡೂ ಬದಿಯ ತಾಮ್ರದ ವಾಷರುಗಳು ಹೊಸವೇ ಆಗಿರಬೇಕು, ಕೆಲಸ ಮುಗಿದ ಮೇಲೆ ಲೈನಿನ ಗಾಳಿ ತೆಗೆಯಬೇಕು.

ಇನ್ನು ತೂತಿನ ವಿಷಯ. ಸೈಕಲ್ಲಿನ ಕಡ್ಡಿಯೊಂದನ್ನು ಇಳಿಸಿ ಅದರ ಆಳಕ್ಕೆ ಗುರುತು ಹಾಕಿಕೊಳ್ಳಿ. ತೂತು ಒಂದೇ ಕಡೆ ತೆರೆದಿದ್ದು ಬೋಲ್ಟು ಉದ್ದವಾಗಿದ್ದರೆ ತುದಿ ತಳಕ್ಕೆ ತಾಗಿ ಪಾನಾಕ್ಕೆ ಬಿಗಿ ಬಂದಂತೆ ಅನ್ನಿಸುತ್ತದೆ, ಆದರೆ ತಲೆಯ ಕೆಳಗೆ ಯಾವುದೂ ಬಿಗಿಯಾಗಿರುವುದಿಲ್ಲ. ತೂತು ಆಚೆಗೂ ತೆರೆದಿದ್ದರೆ ಹೊರಚಾಚಿದ ತುದಿ ಡಿಸ್ಕಿಗೆ ಉಜ್ಜಬಹುದು. ಗಿಡ್ಡವಾಗಿದ್ದರೂ ತೊಂದರೆಯೇ: ಅಲ್ಯುಮಿನಿಯಂನಲ್ಲಿ ಬೋಲ್ಟಿನ ದಪ್ಪದ ಒಂದೂವರೆ ಪಟ್ಟಾದರೂ ಥ್ರೆಡ್ ಒಳಗೆ ಹಿಡಿದಿರಬೇಕು, ಅಂದರೆ 10 ಮಿ.ಮೀ. ಬೋಲ್ಟಿಗೆ 15 ಮಿ.ಮೀ.

ಹೊಸ ಬೋಲ್ಟನ್ನು ಮೊದಲು ಬರಿ ಬೆರಳಿನಿಂದ ಪೂರ್ತಿ ಒಳಗೆ ತಿರುಗಿಸಿ ನೋಡಿ. ನಡುವೆ ನಿಂತರೆ ಬಿಚ್ಚಿ ಮತ್ತೆ ಪಿಚ್ ಅಳೆಯಿರಿ. ಸಲೀಸಾಗಿ ಕೂತ ಮೇಲೆ ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯನ್ನು ಟಾರ್ಕ್ ರೆಂಚಿನಿಂದ (ಬಿಗಿಯನ್ನು ಅಳೆದು ಕೊಡುವ ಪಾನಾ) ಕೊಡಿ. ಆ ಅಂಕಿ ಸಾಮಾನ್ಯವಾಗಿ ಒಣ ಥ್ರೆಡ್ಡಿಗೆ ಕೊಟ್ಟದ್ದಾದ್ದರಿಂದ, ಮ್ಯಾನ್ಯುಯಲ್ ಹೇಳದ ಹೊರತು ಎಣ್ಣೆ, ಗ್ರೀಸ್ ಸವರಬೇಡಿ. ಡಿಸ್ಕ್ ಹಿಡಿಯುವ ಬೋಲ್ಟುಗಳಿಗೆ ಥ್ರೆಡ್ ಲಾಕ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಲು ಹೇಳಿದ್ದರೆ ಹಳೆಯದನ್ನು ಪೂರ್ತಿ ಕೆರೆದು ತೆಗೆದ ಮೇಲೆಯೇ ಹೊಸದನ್ನು ಹಾಕಿ. ಕೊನೆಗೆ ಬೋಲ್ಟಿನ ತಲೆಯಿಂದ ಕ್ಯಾಲಿಪರಿನ ಮೇಲಕ್ಕೆ ಬಿಳಿ ಪೇಂಟಿನ ಒಂದು ಗೆರೆ ಎಳೆದು, ಮೊದಲ ಕೆಲವು ದಿನ ಬೈಕ್ ಹೊರಗೆ ತೆಗೆಯುವ ಮುನ್ನ ಆ ಗೆರೆ ಕೂಡಿಕೊಂಡೇ ಇದೆಯೇ ಎಂದು ನೋಡಿ. ತಪ್ಪಿದ್ದರೆ ಬೋಲ್ಟು ಸಡಿಲವಾಗಿದೆ, ಆ ಬೈಕನ್ನು ಓಡಿಸಬೇಡಿ.