ಬಾಟ್‌ಗೆ ಬಂದ ಮೆಸೇಜನ್ನು ಒಡೆಯುವುದು, ಮತ್ತೆ ಜೋಡಿಸುವುದು

ತಿಪಟೂರಿನಲ್ಲಿರುವ ನಮ್ಮ ಚಿಕ್ಕಪ್ಪನ ದಿನಸಿ ಅಂಗಡಿಗೆ ಪೈಥಾನ್‌ನಲ್ಲಿ ಒಂದು ಟೆಲಿಗ್ರಾಂ ಬಾಟ್ (ಮೆಸೇಜಿಗೆ ತಾನೇ ಉತ್ತರ ಕೊಡುವ ಪ್ರೋಗ್ರಾಂ) ಬರೆದುಕೊಟ್ಟಿದ್ದೇನೆ. ಗಿರಾಕಿಗಳು ಸಾಮಾನಿನ ಪಟ್ಟಿ ಕಳಿಸುತ್ತಾರೆ, ಬಾಟ್ ಅದನ್ನು ಬಿಡಿಸಿ ಅಂಗಡಿಗೆ ಕೊಡುತ್ತದೆ. ಎಐ ಗೀಐ ಏನೂ ಇಲ್ಲ. ಸ್ಟ್ರಿಂಗ್ (ಅಂದರೆ ಅಕ್ಷರಗಳ ಸರಣಿ) ಒಡೆಯುವುದು, ಜೋಡಿಸುವುದು, ಅಷ್ಟೇ ಕೆಲಸ. ಆದರೆ ಮೆಸೇಜು ಕನ್ನಡದಲ್ಲಿ ಬಂದಾಗ ಸಾಮಾನ್ಯ ಟ್ಯುಟೋರಿಯಲ್‌ಗಳು ಹೇಳದ ತೊಡಕುಗಳು ಎದುರಾಗುತ್ತವೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಸ್ಪ್ಲಿಟ್ (ಒಡೆಯುವುದು), ಜಾಯಿನ್ (ಜೋಡಿಸುವುದು) ಅಂತ ಕನ್ನಡದಲ್ಲಿ ಬರೆದಿದ್ದನ್ನು ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ವೇರಿಯಬಲ್ ಹೆಸರನ್ನು ಬೇಕಾದರೆ ಕನ್ನಡದಲ್ಲೇ ಇಡಿ, ಪೈಥಾನ್ 3 ಒಪ್ಪುತ್ತದೆ. / ಗುರುತಿನಿಂದ ಶುರುವಾಗುವ ಸ್ಲ್ಯಾಶ್ ಕಮಾಂಡ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಅದು ಟೆಲಿಗ್ರಾಂ ನಿಯಮ.

ಒಂದು ಮೆಸೇಜು ಹೀಗಿದೆ ಅಂದುಕೊಳ್ಳಿ:

/order ಸೋನಾ ಮಸೂರಿ ಅಕ್ಕಿ 10, ತೊಗರಿ ಬೇಳೆ 2 ಕೆಜಿ, ಬೆಲ್ಲ ೧

ಮೊದಲು ಕಮಾಂಡನ್ನು ಬೇರೆ ಮಾಡಬೇಕು. ಸುಮ್ನೆ ಸ್ಪ್ಲಿಟ್ ಅಂದರೆ ಇಡೀ ಸಾಲು ಚೂರುಚೂರಾಗುತ್ತದೆ. ಆಮೇಲೆ ‘ಸೋನಾ’ ಯಾವುದರ ಜೊತೆ ಹೋಗಬೇಕು ಅಂತ ನೀವೇ ತಲೆ ಕೆಡಿಸಿಕೊಳ್ಳಬೇಕು. ಎಷ್ಟು ಬೇಕೋ ಅಷ್ಟೇ ಒಡೆಯಿರಿ. ಇಲ್ಲಿ ಬೇಕಾಗಿರುವುದು ಒಂದೇ ಏಟು:

ಭಾಗ = ಸಂದೇಶ.ಸ್ಪ್ಲಿಟ್(ಮ್ಯಾಕ್ಸ್‌ಸ್ಪ್ಲಿಟ್=1)

ಭಾಗ[0] ಕಮಾಂಡು, ಭಾಗ[1] ಉಳಿದದ್ದೆಲ್ಲ. ಬ್ರಾಕೆಟ್ಟಿನಲ್ಲಿ ಸ್ಪೇಸ್ ಕೊಟ್ಟು ಒಡೆಯಬೇಡಿ. ಕಮಾಂಡ್ ಆದಮೇಲೆ ಎಂಟರ್ ಒತ್ತಿ ಪಟ್ಟಿ ಬರೆಯುವವರು ಜಾಸ್ತಿ. ಏನೂ ಕೊಡದಿದ್ದರೆ ಸ್ಪೇಸ್, ಟ್ಯಾಬ್, ಹೊಸ ಸಾಲು ಎಲ್ಲವನ್ನೂ ಪೈಥಾನ್ ಒಂದೇ ಥರ ನೋಡುತ್ತದೆ. ಬರೀ ಕಮಾಂಡ್ ಕಳಿಸಿದವರಿಗೆ ಭಾಗ[1] ಇರುವುದೇ ಇಲ್ಲ, ಮೊದಲು ಉದ್ದ ನೋಡಿಕೊಳ್ಳಿ. ಗ್ರೂಪಿನಲ್ಲಾದರೆ ಕಮಾಂಡಿನ ಕೊನೆಗೆ @ ಹಾಕಿ ಬಾಟ್ ಹೆಸರೂ ಬರಬಹುದು. ಅದನ್ನು @ ಹತ್ತಿರ ಒಡೆದು ಮೊದಲ ತುಂಡು ಇಟ್ಟುಕೊಂಡರಾಯಿತು.

ಇನ್ನು ಪಟ್ಟಿ. ಕೆಲವರು ಅಲ್ಪವಿರಾಮ ಹಾಕುತ್ತಾರೆ, ಕೆಲವರು ಸಾಲಿಗೊಂದು ಸಾಮಾನು ಬರೆಯುತ್ತಾರೆ. ಹೊಸ ಸಾಲನ್ನೆಲ್ಲ ರಿಪ್ಲೇಸ್‌ನಿಂದ ಅಲ್ಪವಿರಾಮ ಮಾಡಿಕೊಂಡು, ಆಮೇಲೆ ಅದರಲ್ಲೇ ಒಡೆಯಿರಿ. ಚುಕ್ಕೆಯಲ್ಲಿ ಒಡೆಯಬೇಡಿ, 1.5 ಕೆಜಿ ಕೇಳಿದವರ ಗತಿ ಏನು? ಕೊನೆಯಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿರುವುದು ಮಾಮೂಲು, ಆಗ ಖಾಲಿ ತುಂಡೊಂದು ಸಿಗುತ್ತದೆ. ಪ್ರತಿ ತುಂಡನ್ನೂ ಸ್ಟ್ರಿಪ್ ಮಾಡಿ (ಆಚೀಚೆಯ ಸ್ಪೇಸ್ ತೆಗೆದು), ಖಾಲಿ ಇದ್ದರೆ ಬಿಟ್ಟುಬಿಡಿ.

ಈಗ ನಮ್ಮ ಹತ್ತಿರ ‘ಸೋನಾ ಮಸೂರಿ ಅಕ್ಕಿ 10’ ಇದೆ. ಹೆಸರಿನಲ್ಲಿ ಎಷ್ಟು ಪದ ಅಂತ ಗೊತ್ತಿಲ್ಲ, ಆದರೆ ಲೆಕ್ಕ ಕೊನೆಯಲ್ಲಿದೆ ಅನ್ನುವುದು ಗೊತ್ತು. ಹಾಗಾದರೆ ಬಲಗಡೆಯಿಂದ ಒಡೆಯಿರಿ:

ಹೆಸರು, ಲೆಕ್ಕ = ತುಂಡು.ಆರ್‌ಸ್ಪ್ಲಿಟ್(ಮ್ಯಾಕ್ಸ್‌ಸ್ಪ್ಲಿಟ್=1)

ನನ್ನ ಕೇಳಿದರೆ ಬಾಟ್ ಬರೆಯುವವರು ಸ್ಪ್ಲಿಟ್‌ಗಿಂತ ಮೊದಲು ಕಲಿಯಬೇಕಾದದ್ದು ಈ ಆರ್‌ಸ್ಪ್ಲಿಟ್ಟನ್ನು. ‘ಬೆಲ್ಲ ೧’ ಬಗ್ಗೆ ಚಿಂತೆ ಬೇಡ. ಪೈಥಾನ್‌ನ ಇಂಟ್, ಫ್ಲೋಟ್ ಎರಡೂ ಕನ್ನಡ ಅಂಕಿಯನ್ನು ಹಾಗೇ ಓದುತ್ತವೆ. ‘ಅರ್ಧ’, ‘ಕಾಲು’, ‘ಒಂದೂವರೆ’ ಅಂತ ಬರೆಯುವವರಿಗೆ ಒಂದು ಚಿಕ್ಕ ಡಿಕ್ಷನರಿ ಇಡಿ: 0.5, 0.25, 1.5. ಎರಡು ತುಂಡು ಸಿಗದಿದ್ದರೆ, ಅಥವಾ ಲೆಕ್ಕ ಸಂಖ್ಯೆಯಾಗದಿದ್ದರೆ, ಬಾಟ್ ಊಹೆ ಮಾಡುವುದು ಬೇಡ. ‘ಎಷ್ಟು ಬೇಕು?’ ಅಂತ ಗಿರಾಕಿಯನ್ನೇ ಕೇಳಲಿ.

‘ತೊಗರಿ ಬೇಳೆ 2 ಕೆಜಿ’ಯಲ್ಲಿ ಕೊನೆಯ ಪದ ಕೆಜಿ, ಅದನ್ನು ಮೊದಲೇ ತೆಗೆಯಬೇಕು. ಇಲ್ಲಿ ಆರ್‌ಸ್ಟ್ರಿಪ್ ಬಳಸಲು ಕೈ ಹೋಗುತ್ತದೆ, ಬೇಡ. ಆರ್‌ಸ್ಟ್ರಿಪ್‌ಗೆ ‘ಕೆಜಿ’ ಕೊಟ್ಟರೆ ಅದು ಪದ ಅಂತ ತಿಳಿಯುವುದಿಲ್ಲ. ಕ, ಎತ್ವ, ಜ, ಗುಡಿಸು, ಈ ನಾಲ್ಕರಲ್ಲಿ ಯಾವುದು ಕೊನೆಯಲ್ಲಿದ್ದರೂ ಕಿತ್ತುಹಾಕುತ್ತಾ ಹೋಗುತ್ತದೆ. ಬರೀ ‘ತೊಗರಿ’ ಅಂತ ಬಂದರೆ ‘ತೊಗರ’ ಆಗುತ್ತದೆ. ‘ಅಕ್ಕಿ’ ಹೋಗಿ ‘ಅಕ್’ ಉಳಿಯುತ್ತದೆ! ಪೈಥಾನ್ 3.9ರಿಂದ ರಿಮೂವ್‌ಸಫಿಕ್ಸ್ ಇದೆ, ಅದು ಇಡೀ ಪದ ಹೊಂದಿದರೆ ಮಾತ್ರ ತೆಗೆಯುತ್ತದೆ. ‘2ಕೆಜಿ’ ಅಂತ ಅಂಟಿಸಿ ಬರೆದಿದ್ದರೂ ಕೆಲಸ ಮಾಡುತ್ತದೆ.

ಕಣ್ಣಿಗೆ ಕಾಣದ ಸಮಸ್ಯೆಗಳು ಎರಡು. ‘ಬೇಳೆ’ಯ ಬೇ ಅಕ್ಷರದ ಸ್ವರಚಿಹ್ನೆಯನ್ನು, ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಅಂತ ಎರಡಾಗಿಯೂ ಬರೆಯಬಹುದು. ನೋಡಲು ಒಂದೇ, ಹೋಲಿಸಿದರೆ ಬೇರೆ. ಅಂಗಡಿಯ ಬೆಲೆಪಟ್ಟಿಯಲ್ಲಿ ಇದ್ದರೂ ಇಲ್ಲ ಅನ್ನುತ್ತದೆ ಬಾಟ್. ಒಡೆಯುವ ಮೊದಲೇ ಇಡೀ ಮೆಸೇಜನ್ನು ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಎರಡು ಕೋಡನ್ನು ಒಂದಾಗಿಸುವ ರೂಪ) ಅಂತ ಕೊಟ್ಟು ಸರಿಮಾಡಿಕೊಳ್ಳಿ. ಎರಡನೆಯದು, ‘ಸೋಪ್’ ಥರದ ಪದದ ಕೊನೆಗೆ ಅಂಟಿಕೊಂಡು ಬರಬಹುದಾದ ಅಗಲವಿಲ್ಲದ ಅಕ್ಷರ (ZWNJ, ಕೋಡ್ U+200C). ಯೂನಿಕೋಡ್ ಪ್ರಕಾರ ಅದು ಸ್ಪೇಸ್ ಅಲ್ಲ, ಹಾಗಾಗಿ ಸ್ಟ್ರಿಪ್ ಅದನ್ನು ಮುಟ್ಟುವುದಿಲ್ಲ. ಬೆಲೆಪಟ್ಟಿಯಲ್ಲಿ ಹುಡುಕುವಾಗ ರಿಪ್ಲೇಸ್‌ನಿಂದ ತೆಗೆದುಬಿಡಿ, ಮೆಸೇಜಿನಲ್ಲೂ ಬೆಲೆಪಟ್ಟಿಯಲ್ಲೂ.

ಜೋಡಿಸುವುದು ಸುಲಭ. ಮೊದಮೊದಲು ತಿರುಗುಮುರುಗು ಅನಿಸುವುದು ಒಂದೇ: ಜಾಯಿನ್ ಸೇರುವುದು ಪಟ್ಟಿಗಲ್ಲ, ನಡುವೆ ಬರುವ ಗುರುತಿಗೆ.

ಉತ್ತರ = ', '.ಜಾಯಿನ್(ಸಾಲುಗಳು)

ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆ ಇದ್ದರೂ ಟೈಪ್‌ಎರರ್ ಬರುತ್ತದೆ, ಎಲ್ಲವನ್ನೂ ಎಸ್‌ಟಿಆರ್‌ನಿಂದ ಸ್ಟ್ರಿಂಗ್ ಮಾಡಿ ಕೊಡಿ. ನಾನು ಅಲ್ಪವಿರಾಮದ ಬದಲು ಹೊಸ ಸಾಲಿನಿಂದಲೇ ಜೋಡಿಸುತ್ತೇನೆ. ಅಂಗಡಿ ಚೀಟಿ ಯಾರು ಅಡ್ಡಡ್ಡ ಬರೆಯುತ್ತಾರೆ?

ಸಂಜೆ ಚಿಕ್ಕಪ್ಪನಿಗೆ ದಿನದ ಆರ್ಡರೆಲ್ಲ ಒಟ್ಟಿಗೆ ಹೋಗುತ್ತದೆ. ಟೆಲಿಗ್ರಾಂನಲ್ಲಿ ಒಂದು ಮೆಸೇಜಿಗೆ 4096 ಅಕ್ಷರದ ಮಿತಿ ಇದೆ. ಕಾಗುಣಿತ, ಒತ್ತು ಎಲ್ಲ ಬೇರೆಬೇರೆ ಲೆಕ್ಕ. ‘ಅಕ್ಕಿ’ ನಮಗೆ ಎರಡಕ್ಷರ, ಪೈಥಾನ್‌ಗೆ ಐದು. ಸರಿಯಾಗಿ 4096ಕ್ಕೆ ಕತ್ತರಿಸಿದರೆ ಗುಡಿಸು ಒಂದು ಮೆಸೇಜಿಗೆ, ಅಕ್ಷರ ಇನ್ನೊಂದಕ್ಕೆ ಹೋಗಬಹುದು. ಅದಕ್ಕೆ ಸಾಲುಸಾಲಾಗಿ ಸೇರಿಸುತ್ತಾ ಹೋಗಿ. ಮುಂದಿನ ಸಾಲು ಸೇರಿದರೆ ಮಿತಿ ದಾಟುತ್ತದೆ ಅನ್ನುವಾಗ ಅಲ್ಲಿಗೆ ಕಳಿಸಿ, ಹೊಸದು ಶುರುಮಾಡಿ.

ಮೆಸೇಜಿನ ಕೆಳಗೆ ಬರುವ ಬಟನ್‌ಗಳಲ್ಲಿ ಇನ್ನೂ ಬಿಗಿ. ಬಟನ್ ಹಿಂದೆ ಇಡುವ ಡೇಟಾ 64 ಬೈಟ್ ಮೀರಬಾರದು, ಕನ್ನಡದ ಒಂದೊಂದು ಕೋಡ್‌ಗೂ ಯುಟಿಎಫ್-8ರಲ್ಲಿ (ಕೋಡನ್ನು ಬೈಟ್‌ಗಳಾಗಿ ಬರೆಯುವ ರೀತಿ) 3 ಬೈಟ್ ಬೇಕು. ‘ಆರ್ಡರ್|ಸೋನಾ ಮಸೂರಿ ಅಕ್ಕಿ|10’ ಅಂತ ಜೋಡಿಸಿದರೆ 66 ಬೈಟ್, ಟೆಲಿಗ್ರಾಂ ತಿರಸ್ಕರಿಸುತ್ತದೆ. ಹೆಸರಿನ ಬದಲು ಬೆಲೆಪಟ್ಟಿಯ ನಂಬರ್ ಹಾಕಿ ‘17|10’ ಅಂತ ಜೋಡಿಸಿ. ಬಟನ್ ಒತ್ತಿದಾಗ ಅದೇ ಗೆರೆಯಲ್ಲಿ ಒಡೆದು, 17 ಯಾವ ಸಾಮಾನು ಅಂತ ಪಟ್ಟಿಯಲ್ಲಿ ನೋಡಿಕೊಳ್ಳಿ.