ಗೋಡೆಯ ಕಡೆಗೆ ತಿರುಗಿದ ಮುಖ

ಗುಳೇದಗುಡ್ಡದಲ್ಲಿ ನಮ್ಮದು ನೇಕಾರರ ಓಣಿ. ಕುಪ್ಪಸದ ಖಣ ನೇಯುವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು ನನ್ನ ಕೆಲಸ. 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದ ಕಾಲದಿಂದ ನಮ್ಮ ಮನೆತನ ಕ್ರೈಸ್ತ ಸಭೆಯಲ್ಲಿದೆ. ಪಕ್ಕದ ಮನೆಯ ಆಯಿಗೂ ನಮಗೂ ಗಟಾರದ ಜಗಳದಿಂದ ಹನ್ನೊಂದು ವರ್ಷ ಮಾತಿರಲಿಲ್ಲ.

ಹೋದ ಶ್ರಾವಣದಲ್ಲಿ ಆಯಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಪುಣೆಯಿಂದ ಬಂದ ಮಗ ಒಂದು ತಿಂಗಳಿದ್ದು ಕೆಲಸಕ್ಕೆ ಮರಳಿದ. ಮನೆಯಲ್ಲಿ ಉಳಿದವಳು ಕಾಲೇಜಿಗೆ ಹೋಗುವ ಮೊಮ್ಮಗಳೊಬ್ಬಳೇ.

ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಆರೈಕೆ ಮಾಡಿದ ಒಳ್ಳೆಯ ಸಮಾರ್ಯದವನ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಜೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನು ಅಪರಿಚಿತ. ನನ್ನ ಪಾಲಿಗೆ ಬಿದ್ದವರನ್ನು ನಾನು ಚೆನ್ನಾಗಿ ಬಲ್ಲೆ, ಅವರ ಬೈಗುಳಗಳ ಸಮೇತ. ಕಷ್ಟವಿದ್ದದ್ದೇ ಅಲ್ಲಿ. ಆದರೂ ಹೋದೆ.

ಆಸ್ಪತ್ರೆಯ ನರ್ಸ್ ಮೊಮ್ಮಗಳಿಗೆ ಹೇಳಿಕೊಟ್ಟಿದ್ದನ್ನು ನಾನೂ ಕಲಿತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕೂ ಉಳಿಯಬಾರದು. ಅಂಬಲಿ ಕುಡಿಸುವಾಗ ಎಬ್ಬಿಸಿ ಕೂರಿಸಿ, ಗದ್ದ ತುಸು ತಗ್ಗಿಸಿ, ಒಂದು ಗುಟುಕು ಇಳಿದ ಮೇಲೆ ಇನ್ನೊಂದು. ಮೈ ಮುಟ್ಟುವ ಮೊದಲು ‘ಆಯಿ, ಈಗ ತಿರುಗಿಸುತ್ತೇನೆ’ ಎಂದು ಹೇಳಬೇಕು. ಇದನ್ನು ಯಾರೂ ಹೇಳಿಕೊಡಲಿಲ್ಲ. ಮೊದಲ ದಿನ ಅವರ ಎಡಗೈ ಬೆಚ್ಚಿ ನನ್ನ ಸೆರಗನ್ನು ಹಿಡಿದಾಗ ತಿಳಿಯಿತು.

ಮೂರು ವಾರ ಹೀಗೆ ನಡೆಯಿತು. ನಾನು ಒಳಗೆ ಬಂದೊಡನೆ ಆಯಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದರು. ಒಂದು ಗುರುವಾರ ನಾನು ಹೋಗಲೇ ಇಲ್ಲ. ಮೂರು ದಿನ ಕಂಡಿಕೆ ಸುತ್ತುತ್ತಾ ಕುಳಿತೆ, ನೂಲು ಮೇಲಿಂದ ಮೇಲೆ ಹರಿಯಿತು.

ಆ ಭಾನುವಾರ ಸಭೆಯಲ್ಲಿ ಓದಿದ್ದು ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯ. ಕಣ್ಣಿಗೆ ಕಾಣುವುದನ್ನು ಯಾರು ನಿರೀಕ್ಷಿಸುತ್ತಾರೆ, ಕಾಣದ್ದನ್ನು ನಿರೀಕ್ಷಿಸುವವರು ತಾಳ್ಮೆಯಿಂದ ಕಾಯುತ್ತಾರೆ ಎನ್ನುತ್ತಾನೆ ಪೌಲ. ನಮ್ಮ ಕನ್ನಡ ಬೈಬಲಿನಲ್ಲಿ ಆ ಪದ ‘ನಿರೀಕ್ಷೆ’. ಮನೆಯಲ್ಲಿ ಅದೇ ಪದವನ್ನು ನಾವು ಮಗನಿಂದ, ಸೊಸೆಯಿಂದ, ನೆರೆಯವರಿಂದ ಏನು ಬರಬೇಕು ಎಂಬುದಕ್ಕೆ ಬಳಸುತ್ತೇವೆ. ನಾನು ಆಯಿಯಿಂದ ನಿರೀಕ್ಷಿಸುತ್ತಿದ್ದೆ: ಒಂದು ನೋಟ, ಕಣ್ಣಲ್ಲಿ ಒಂದಿಷ್ಟು ನೀರು, ಹನ್ನೊಂದು ವರ್ಷಕ್ಕೆ ಒಂದು ತೀರ್ಪು. ಪೌಲನ ನಿರೀಕ್ಷೆ ಇರುವುದು ಸತ್ತವರನ್ನು ಎಬ್ಬಿಸುವ ದೇವರಲ್ಲಿ. ಈ ಬಿದ್ದ ದೇಹವೂ ಒಂದು ದಿನ ಎದ್ದು ನಿಲ್ಲುತ್ತದೆ ಎಂದು ನಾನು ನಿಜವಾಗಿ ನಂಬುವುದಾದರೆ, ಅದಕ್ಕೆ ಹುಣ್ಣಾಗದಂತೆ ನೋಡಿಕೊಳ್ಳುವುದು ವ್ಯರ್ಥವಾಗಲು ಸಾಧ್ಯವೇ ಇಲ್ಲ. ಆಯಿ ನನ್ನನ್ನು ನೋಡಿದರೂ ಸರಿ, ನೋಡದಿದ್ದರೂ ಸರಿ. ಸೋಮವಾರ ಮತ್ತೆ ಹೋದೆ. ಸೊಂಟದ ಬಳಿ ರೂಪಾಯಿ ಅಗಲ ಕೆಂಪಾಗಿತ್ತು. ಆ ಹೋಗದ ದಿನಗಳ ಲೆಕ್ಕ ಇಂದಿಗೂ ನನ್ನ ಎದೆಯಲ್ಲಿದೆ.

ಒಂದು ಬೆಳಿಗ್ಗೆ ಮುಖ ಒರೆಸಿದ ಮೇಲೆ ಆಯಿ ಎಡಗೈಯಿಂದ ಗೋಡೆಯ ಮಾಡವನ್ನು ತೋರಿಸಿದರು. ಅಲ್ಲಿ ವಿಭೂತಿ ಗಟ್ಟಿ ಇತ್ತು. ಮೊಮ್ಮಗಳು ಆಗಲೇ ಕಾಲೇಜಿಗೆ ಹೋಗಿದ್ದಳು. ಒಂದು ಕ್ಷಣ ನನ್ನ ಕೈ ತಡೆಯಿತು. ಆಮೇಲೆ ಗಟ್ಟಿಯನ್ನು ನೀರಿಗೆ ತಾಗಿಸಿ, ಮೂರು ಬೆರಳಿನಿಂದ ಅವರ ಹಣೆಗೆ ಹಚ್ಚಿದೆ. ಸಭೆಯಲ್ಲಿ ಒಬ್ಬಿಬ್ಬರು ಕೇಳಿದರು. ಅದು ಅವರ ಹಣೆ, ಅವರ ಪ್ರಾರ್ಥನೆ, ಕೈ ಮಾತ್ರ ನನ್ನದು ಎಂದೆ. ನನ್ನ ಕರ್ತನಾದ ಯೇಸು ಶಿಷ್ಯರ ಕಾಲು ತೊಳೆದವನು, ತನ್ನನ್ನು ಹಿಡಿದುಕೊಡಲಿದ್ದವನ ಕಾಲನ್ನೂ ತೊಳೆದವನು. ಇದಕ್ಕಾಗಿ ಅವನು ನನ್ನನ್ನು ದೂರ ಮಾಡುವುದಿಲ್ಲ.

ಒಬ್ಬಳೇ ಹೊರುವುದನ್ನು ಈಗ ಬಿಟ್ಟಿದ್ದೇನೆ. ಹಾಗೆ ಹೊತ್ತರೆ ಸಿಟ್ಟು ಬರುತ್ತದೆ, ಆ ಸಿಟ್ಟು ತಿರುಗಿಸುವ ಕೈಯಲ್ಲಿ ಒರಟಾಗಿ ಇಳಿಯುತ್ತದೆ. ಓಣಿಯ ನಾಲ್ಕು ಮನೆಯವರು ಹಗಲನ್ನು ಹಂಚಿಕೊಂಡಿದ್ದೇವೆ, ರಾತ್ರಿ ಮೊಮ್ಮಗಳದು.

ಇಂದು ಬೆಳಿಗ್ಗೆಯೂ ಆಯಿಯ ಮುಖ ಗೋಡೆಯ ಕಡೆಗೇ ಇತ್ತು. ಅಂಬಲಿ ಆರುವವರೆಗೆ ಬೆನ್ನು ಒರೆಸಿದೆ, ಚರ್ಮ ಸ್ವಚ್ಛವಾಗಿತ್ತು. ಹನ್ನೊಂದು ಗಂಟೆಗೆ ಹಿಂದಿನ ಮನೆಯ ಅಕ್ಕನ ಸರದಿ.