ಬಿಲ್ಲಿಲ್ಲದ ಬಣ್ಣಗಳಿಗೆ ಧನಸಹಾಯ ಪಡೆದ ಬಗೆ: ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ, ಮದುವೆಯ ಹಸೆಗೋಡೆಗೆ, ಅಂದರೆ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ, ಚಿತ್ತಾರವೆಂಬ ಸಾಂಪ್ರದಾಯಿಕ ಚಿತ್ರ ಬರೆಯಲು ಬೇಕಾದ ಯಾವ ಸಾಮಗ್ರಿಯೂ ಅಂಗಡಿಯಿಂದ ಬರುತ್ತಿರಲಿಲ್ಲ. ಗೋಡೆಗೆ ಬಳಿಯಲು ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಯಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಮರದ ಕಾಯಿ, ಕುಂಚಕ್ಕೆ ಪುಂಡಿ ಗಿಡದ ನಾರು. ಇವೆಲ್ಲ ಹಿತ್ತಲಿನಿಂದ, ಗದ್ದೆಯಿಂದ, ಕಾಡಂಚಿನಿಂದ ಬರುತ್ತಿದ್ದವು. ಚಿತ್ತಾರಗಿತ್ತಿಯಾಗಿ ನಾನು ಸಾಮಗ್ರಿ ಖರೀದಿಗೆ ಧನಸಹಾಯ ಕೇಳಲು ಹೊರಟಾಗ ಎದುರಾದ ಮುಖ್ಯ ತೊಡಕು ಇದರಲ್ಲೇ ಇತ್ತು. ಅರ್ಜಿಯ ನಮೂನೆಗಳು ಪ್ರತಿ ವಸ್ತುವಿಗೂ ದರಪಟ್ಟಿಯನ್ನೂ ಬಿಲ್ಲನ್ನೂ ಕೇಳುತ್ತವೆ, ನಮ್ಮ ಬಣ್ಣಗಳಿಗಾದರೋ ಬಿಲ್ಲು ಎಂಬುದೇ ಇಲ್ಲ.

ಮನೆಯಂಗಳದಲ್ಲೇ ಸಿಗುವ ಮಣ್ಣಿಗೆ ಹಣವೇಕೆ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಮಣ್ಣಿನ ಗೋಡೆಗಳ ಜಾಗದಲ್ಲಿ ಸಿಮೆಂಟು ಗೋಡೆಗಳು ಬಂದ ಮೇಲೆ ಚಿತ್ತಾರವು ಬಟ್ಟೆ, ಕೈಕಾಗದ ಮತ್ತು ಪ್ಲೈವುಡ್ ಹಲಗೆಗಳಿಗೆ ಇಳಿದಿದೆ, ಇವನ್ನು ಕೊಂಡೇ ತರಬೇಕು. ಹಗ್ಗ ಹೊಸೆಯಲೆಂದು ಪುಂಡಿ ಬೆಳೆಯುತ್ತಿದ್ದವರು ಈಗ ವಿರಳ. ನಾರು ಬೇಕಾದರೆ ಯಾರಿಗಾದರೂ ಮುಂಗಡ ಕೊಟ್ಟು ಒಂದು ಸಾಲು ಬೆಳೆಸಿ, ಕೊಯ್ದು, ಕೊಳೆಹಾಕಿ, ತೊಳೆದು ಒಣಗಿಸಬೇಕಾಗುತ್ತದೆ. ಒಳ್ಳೆಯ ಕೆಮ್ಮಣ್ಣಿರುವ ಧರೆಯನ್ನು ಗುರುತಿಸಿ, ಅಗೆದು, ಸಾಗಿಸಿ, ಕದಡಿ ಸೋಸುವುದೂ ಕೆಲಸವೇ ಅಲ್ಲವೇ? ಹಿಂದೆ ಮನೆಯ ಹೆಂಗಸರು ಈ ಶ್ರಮವನ್ನು ಹಂಚಿಕೊಂಡು ಮಾಡುತ್ತಿದ್ದರು, ಆದ್ದರಿಂದ ಅದಕ್ಕೆ ಬೆಲೆಯಿದೆ ಎಂಬುದು ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

ಅರ್ಜಿ ಹಾಕುವ ಮೊದಲು ನಮಗೆ ಅನ್ವಯಿಸುವ ಯೋಜನೆ ಯಾವುದೆಂದು ನೋಡಿಕೊಂಡೆ. ದೀವರು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 2ಎಯಲ್ಲಿರುವುದರಿಂದ ಪರಿಶಿಷ್ಟ ಪಂಗಡಗಳಿಗೆ ಮೀಸಲಾದ ಗಿರಿಜನ ಉಪಯೋಜನೆಯ ಹಣ ನಮಗೆ ಬರುವುದಿಲ್ಲ. ಕುಶಲಕರ್ಮಿಗಳಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಗಳಿಗೆ 15,000 ರೂಪಾಯಿ ನೆರವಿದೆ, ಆದರೆ ಅದರ 18 ಕಸುಬುಗಳಲ್ಲಿ ಬುಟ್ಟಿ ಹೆಣೆಯುವುದು ಸೇರಿದೆಯೇ ಹೊರತು ಚಿತ್ರ ಬರೆಯುವುದು ಸೇರಿಲ್ಲ. ಭೂತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದಂದು ಗದ್ದೆಗೆ ನೈವೇದ್ಯ ಒಯ್ಯಲು ನಾವು ಚಿತ್ತಾರ ಬರೆಯುವ ಭೂಮಣ್ಣಿ ಬುಟ್ಟಿಯನ್ನೇ ನೋಡಿ: ಅದನ್ನು ಹೆಣೆದವರು ಆ ನೆರವಿಗೆ ಅರ್ಹರು, ಅದರ ಮೇಲೆ ಚಿತ್ತಾರ ಬರೆದವಳು ಅಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯದಲ್ಲಿ ವಾದ್ಯಪರಿಕರ ಹಾಗೂ ವೇಷಭೂಷಣ ಖರೀದಿಗೆ ಅವಕಾಶವಿದೆ, ಚಿತ್ರಕಲೆಗೆ ನೆರವು ಸಿಗುವುದು ಪ್ರದರ್ಶನದ ಹೆಸರಿನಲ್ಲಿ. ಕೆನಡಾದಲ್ಲಿ ಒಂಟಾರಿಯೊ ಆರ್ಟ್ಸ್ ಕೌನ್ಸಿಲ್ ಆ ನೆಲದ ಮೂಲನಿವಾಸಿ ದೃಶ್ಯಕಲಾವಿದರ ಸಾಮಗ್ರಿಗೆಂದೇ ಪ್ರತ್ಯೇಕ ಧನಸಹಾಯವನ್ನು ರೂಪಿಸಿತ್ತೆಂದು ತಿಳಿದಾಗ, ನಮ್ಮಲ್ಲೂ ಹಾಗೊಂದು ಇರಬೇಕೆಂದು ಬಹಳವಾಗಿ ಅನ್ನಿಸಿತು. ಕೊನೆಗೆ ನಾನು ಅರ್ಜಿ ಹಾಕಿದ್ದು ಜನಪದ ಕಲಾವಿದರಿಗೆ ಸಣ್ಣ ಮೊತ್ತ ನೀಡುವ ಒಂದು ಖಾಸಗಿ ಪ್ರತಿಷ್ಠಾನಕ್ಕೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ನೀಡುವ ‘ಪೆಹಚಾನ್’ ಗುರುತಿನ ಚೀಟಿ ಅಲ್ಲಿ ನನ್ನ ಕಸುಬಿಗೆ ದಾಖಲೆಯಾಗಿ ಒದಗಿತು.

ಸಾಮಗ್ರಿಗಳ ಪಟ್ಟಿಯನ್ನು ನಾನು ಅಂಗಡಿಯ ಕಡೆಯಿಂದ ಬರೆಯದೆ ಕೆಲಸದ ಕಡೆಯಿಂದ ಬರೆದೆ. ಒಂದು ದೊಡ್ಡ ಫಲಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡುತ್ತಾ, ಪ್ರತಿ ಹಂತದಲ್ಲಿ ಏನನ್ನು ಎಷ್ಟು ಬಳಸಿದೆ, ಅದು ಎಲ್ಲಿಂದ ಬಂತು, ಅದನ್ನು ಹದಗೊಳಿಸಲು ಯಾರು ಎಷ್ಟು ಹೊತ್ತು ದುಡಿದರು ಎಂಬುದನ್ನು ಗುರುತು ಹಾಕಿಕೊಂಡೆ. ಬಳಿಕ ಅದನ್ನು ಎರಡು ಭಾಗ ಮಾಡಿದೆ. ಬಟ್ಟೆ, ಹಲಗೆ, ಕೈಕಾಗದ, ಅಂಟು, ಚೌಕಟ್ಟು ಇವು ಒಂದು ಭಾಗ, ಇವಕ್ಕೆ ಸಾಗರದ ಅಂಗಡಿಗಳಿಂದ ದರಪಟ್ಟಿ ತಂದು ಲಗತ್ತಿಸಿದೆ. ಮಣ್ಣು, ಪುಂಡಿನಾರು, ಗುರಿಗೆ ಕಾಯಿ ಇನ್ನೊಂದು ಭಾಗ. ಇಲ್ಲಿ ವಸ್ತುವಿನ ಬೆಲೆ ಎಂದು ಬರೆಯದೆ ‘ಸಂಗ್ರಹ ಮತ್ತು ಹದಗೊಳಿಸುವಿಕೆ’ ಎಂದು ಬರೆದು, ಆ ಕೆಲಸ ಮಾಡುವವರ ದಿನಗೂಲಿಯನ್ನೂ ಸಾಗಾಟದ ಬಾಡಿಗೆಯನ್ನೂ ತೋರಿಸಿದೆ. ಮಣ್ಣು ಪುಕ್ಕಟೆಯಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆಂದು ತಿಳಿದಿದ್ದರಿಂದ, ಮೇಲೆ ಹೇಳಿದ ಕಾರಣಗಳನ್ನು ಒಂದು ಪುಟದಲ್ಲಿ ವಿವರಿಸಿ ಜೊತೆಗಿಟ್ಟೆ. ಇಡೀ ಅರ್ಜಿಯಲ್ಲಿ ಹೆಚ್ಚು ಕೆಲಸ ಮಾಡಿದ್ದು ಈ ಪುಟವೇ ಎಂದು ನಂಬಿದ್ದೇನೆ, ಏಕೆಂದರೆ ಸಂದರ್ಶನದಲ್ಲಿ ಪ್ರತಿಷ್ಠಾನದವರು ಕೇಳಿದ್ದೆಲ್ಲ ಅದನ್ನು ಕುರಿತೇ.

ಬಿಲ್ಲಿನ ಬದಲಿಗೆ ಕೈರಸೀದಿ ನಡೆಯುತ್ತದೆಯೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಬೇಕು. ನನಗೆ ಒಪ್ಪಿಗೆ ಸಿಕ್ಕಿತು. ಪ್ರತಿ ರಸೀದಿಯಲ್ಲಿ ಹಣ ಪಡೆದವರ ಹೆಸರು, ಊರು, ಕೊಟ್ಟ ವಸ್ತು ಅಥವಾ ಮಾಡಿದ ಕೆಲಸ, ಪ್ರಮಾಣ, ದರ, ದಿನಾಂಕ ಮತ್ತು ಸಹಿ ಇರುವಂತೆ ನೋಡಿಕೊಂಡೆ. ಸಹಿ ಬಾರದ ಹಿರಿಯರು ಹೆಬ್ಬೆಟ್ಟು ಒತ್ತಿದರು, ಅದರ ಪಕ್ಕದಲ್ಲಿ ಸಾಕ್ಷಿಯ ಸಹಿ ಹಾಕಿಸಿದೆ. ಮೊತ್ತ 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಬೇಕು. ಸಾಧ್ಯವಿದ್ದ ಕಡೆಯೆಲ್ಲ ಹಣವನ್ನು ಬ್ಯಾಂಕ್ ಖಾತೆಗೇ ಹಾಕಿದ್ದರಿಂದ ಲೆಕ್ಕ ಒಪ್ಪಿಸುವುದು ಹಗುರವಾಯಿತು.

ಇಷ್ಟೆಲ್ಲ ಪಾಡು ಏಕೆ, ಅಕ್ರಿಲಿಕ್ ಬಣ್ಣ ಕೊಂಡರೆ ಒಂದೇ ಬಿಲ್ಲಿನಲ್ಲಿ ಮುಗಿಯುತ್ತದಲ್ಲ ಎಂದು ನನ್ನ ಜೊತೆಗೆ ಬರೆಯುವ ಅಕ್ಕ ಒಬ್ಬರು ಹೇಳಿದ್ದರು. ಅವರ ಮಾತಿನಲ್ಲಿ ಸತ್ಯವಿದೆ. ಅಕ್ರಿಲಿಕ್ ಬೇಗ ಒಣಗುತ್ತದೆ, ಅಕ್ಕಿಹಿಟ್ಟಿನ ಬಿಳಿಯಂತೆ ಅದಕ್ಕೆ ಹುಳು ಬರುವುದಿಲ್ಲ. ಅದನ್ನು ಬಳಸುವವರನ್ನು ನಾನು ಆಕ್ಷೇಪಿಸುವುದಿಲ್ಲ, ಕೆಲವು ಕೆಲಸಗಳಿಗೆ ನಾನೂ ಬಳಸುತ್ತೇನೆ. ಆದರೆ ಬಿಲ್ಲು ಸಿಗುವ ಬಣ್ಣಕ್ಕೆ ಮಾತ್ರ ಹಣ ಕೊಡುತ್ತೇವೆ ಎನ್ನುವ ನಿಯಮವು ಕಲೆಯನ್ನು ಉಳಿಸುವ ಹೆಸರಿನಲ್ಲೇ ಅದರ ಬಣ್ಣವನ್ನು ಬದಲಿಸಿಬಿಡುತ್ತದೆ. ಪುಂಡಿನಾರಿನ ಎಳೆಯಿಂದ ಬರುವ ಸಣ್ಣ ಗೆರೆಯ ನಡಿಗೆಯೇ ಬೇರೆ, ಅಂಗಡಿಯ ಕುಂಚದಲ್ಲಿ ಅದು ನನ್ನ ಕೈಗೆ ಬರಲಿಲ್ಲ. ಏನನ್ನು ಬಳಸಬೇಕೆಂಬ ತೀರ್ಮಾನ ಬರೆಯುವವಳದಾಗಿರಬೇಕು, ಲೆಕ್ಕಪತ್ರದ್ದಲ್ಲ.

ಹಣ ಎರಡು ಕಂತುಗಳಲ್ಲಿ ಬಂತು. ಪುಂಡಿ ಬಿತ್ತುವುದು ಮಳೆಗಾಲದ ಆರಂಭದಲ್ಲಿ, ನಾರು ಕೈಗೆ ಬರುವುದು ತಿಂಗಳುಗಳ ನಂತರ. ಆದ್ದರಿಂದ ಮೊದಲ ಕಂತು ಮಳೆಗೆ ಮುಂಚೆ ಸಿಗಬೇಕೆಂದು ಅರ್ಜಿಯಲ್ಲೇ ಕೇಳಿಕೊಂಡಿದ್ದೆ, ಅವರು ನಡೆಸಿಕೊಟ್ಟರು. ಹಣವನ್ನು ಹೇಳಿದ ಕೆಲಸಕ್ಕೇ ಬಳಸಿದ್ದೇನೆಂದು ತೋರಿಸುವ ಬಳಕೆ ಪ್ರಮಾಣಪತ್ರದೊಂದಿಗೆ ರಸೀದಿಗಳನ್ನು ಮಾತ್ರವಲ್ಲದೆ ಮಣ್ಣು ಸೋಸುವುದರಿಂದ ಹಿಡಿದು ಫಲಕ ಮುಗಿಯುವವರೆಗಿನ ಫೋಟೊಗಳನ್ನೂ ಕಳುಹಿಸಿದೆ. ಉಳಿದ ನಾರನ್ನು ಕಟ್ಟುಗಳಾಗಿ ಮಾಡಿ, ಊರಿನಲ್ಲಿ ಹೊಸದಾಗಿ ಬರೆಯಲು ಕಲಿಯುತ್ತಿರುವ ಹುಡುಗಿಯರಿಗೆ ಹಂಚಿದ್ದೇವೆ. ಮುಂದಿನ ಅರ್ಜಿ ಅವರ ಹೆಸರಿನಲ್ಲೇ ಸಿದ್ಧವಾಗುತ್ತಿದೆ, ಪಟ್ಟಿಯ ಎರಡನೆಯ ಭಾಗವನ್ನು ಅವರೇ ಬರೆಯುತ್ತಿದ್ದಾರೆ.